ಮ್ಯಾತ್ಸ್‌ನಲ್ಲಿ ಫೇಲಾದ ಹುಡುಗ ಮತ್ತು ಹಗುರ ಚಕ್ರಗಳು

1948ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಒಬ್ಬ ಎಂಜಿನಿಯರಿಂಗ್ ಹುಡುಗ ಕೊನೇ ವರ್ಷದ ಮ್ಯಾತ್ಸ್ ಪೇಪರ್‌ನಲ್ಲಿ ಫೇಲಾದ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಒಂದು ಬ್ಯಾಕ್ ಉಳಿಸಿಕೊಂಡ. ಮತ್ತೆ ಬರೆದು ಪಾಸಾಗಿ, ಡಿಗ್ರಿ ಕೈಗೆ ಬಂದಾಗ ಒಂದು ವರ್ಷ ತಡವಾಗಿತ್ತು. ಮುಂದೆ ಇದೇ ಹುಡುಗ ಕಟ್ಟಿದ ತಂಡ ಫಾರ್ಮುಲಾ ಒನ್‌ನಲ್ಲಿ ಏಳು ಸಲ ಕನ್‌ಸ್ಟ್ರಕ್ಟರ್ಸ್ ಚಾಂಪಿಯನ್ ಆಯಿತು. ಹೆಸರು ಕಾಲಿನ್ ಚಾಪ್‌ಮನ್, ಲೋಟಸ್ ಕಾರುಗಳನ್ನು ಹುಟ್ಟಿಸಿದವರು.

ಇವರ ಬಗ್ಗೆ ನಾವು ಓದೋಕೆ ಶುರುಮಾಡಿದ್ದು ಹಾಸ್ಟೆಲ್ ಪಾರ್ಕಿಂಗ್‌ನಲ್ಲಿ ನಡೆದ ಒಂದು ಜಗಳದಿಂದ. ಸೀನಿಯರ್ ಒಬ್ಬರು ತಮ್ಮ ಕಾರಿನ 14 ಇಂಚಿನ ಚಕ್ರ ತೆಗೆಸಿ 16 ಇಂಚಿನ ಅಲಾಯ್ ಹಾಕಿಸಿಕೊಂಡು ಬಂದಿದ್ರು. ನೋಡೋಕೆ ಸೂಪರ್. ಆದರೆ ಗೇಟಿನ ಹಂಪ್ ದಾಟುವಾಗ ಹಿಂದೆ ಕೂತ ನಮ್ಮ ಬೆನ್ನುಮೂಳೆಗೆ ಮೊದಲೇ ಗೊತ್ತಾಯ್ತು, ಏನೋ ಬದಲಾಗಿದೆ ಅಂತ. ಟಯರ್ ಕಾರಣನಾ, ಚಕ್ರದ ತೂಕ ಕಾರಣನಾ ಅಂತ ರಾತ್ರಿ ಹನ್ನೆರಡರ ತನಕ ವಾದ ನಡೀತು. ಯಾರೂ ಗೆಲ್ಲಲಿಲ್ಲ. ಉತ್ತರ ಹುಡುಕ್ತಾ ಹೋದ ಕಡೆಯಲ್ಲೆಲ್ಲ ಚಾಪ್‌ಮನ್ ಹೆಸರೇ ಎದುರಾಗ್ತಿತ್ತು.

ಕುದುರೆ ಲಾಯದಲ್ಲಿ ಶುರುವಾದ ಕಂಪನಿ

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಇಂಗ್ಲೆಂಡಿನ ಸರ್ರೆಯ ರಿಚ್‌ಮಂಡ್‌ನಲ್ಲಿ. ಅಪ್ಪ ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ ರೈಲ್ವೆ ಹೋಟೆಲ್ ಅನ್ನೋ ಪಬ್ ನಡೆಸುತ್ತಿದ್ದರು. ಮಗ ಕಾಲೇಜಿನಲ್ಲಿ ಓದಿದ್ದು ಸ್ಟ್ರಕ್ಚರಲ್ ಎಂಜಿನಿಯರಿಂಗ್, ಅಂದರೆ ನಮ್ಮ ಸಿವಿಲ್‌ನವರ ಕಡೆಯ ವಿಷಯ. ಯೂನಿವರ್ಸಿಟಿಯ ಏರ್ ಸ್ಕ್ವಾಡ್ರನ್ ಸೇರಿ ವಿಮಾನ ಹಾರಿಸೋದನ್ನೂ ಕಲಿತರು. ಈ ಎರಡೂ ಕಲಿಕೆ ಮುಂದೆ ಅವರ ಕಾರುಗಳ ಒಳಗೆ ಕಾಣುತ್ತವೆ. ಎಲ್ಲಿ ಬಲ ಬೀಳುತ್ತದೋ ಅಲ್ಲಿ ಮಾತ್ರ ಲೋಹ ಇರಬೇಕು, ಉಳಿದ ಕಡೆ ಒಂದು ಗ್ರಾಮ್ ಕೂಡ ದಂಡ ಅನ್ನೋದು ವಿಮಾನ ಕಟ್ಟುವವರ ಬುದ್ಧಿ.

ಓದುವಾಗಲೇ ಗೆಳೆಯನ ಜೊತೆ ಸೇರಿ ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರ ಮಾಡುತ್ತಿದ್ದರು. 1947ರ ಕೊನೆಗೆ ಬ್ರಿಟನ್ ಸರ್ಕಾರ ಸಾಮಾನ್ಯ ಜನರ ಪೆಟ್ರೋಲ್ ರೇಷನ್ ನಿಲ್ಲಿಸಿಬಿಟ್ಟಿತು. ಪೆಟ್ರೋಲೇ ಇಲ್ಲ ಅಂದ ಮೇಲೆ ಕಾರು ಯಾರಿಗೆ ಬೇಕು? ಇದ್ದ ಕಾರುಗಳನ್ನು ನಷ್ಟಕ್ಕೆ ಮಾರಿ ಕೈ ಸುಟ್ಟುಕೊಂಡರು. ಮಾರಾಟವಾಗದೆ ಉಳಿದದ್ದು 1930ರ ಒಂದು ಆಸ್ಟಿನ್ ಸೆವೆನ್. ಅದರ ಹಳೇ ಬಾಡಿ ಕಿತ್ತು, ಅಲ್ಯೂಮಿನಿಯಂ ಅಂಟಿಸಿದ ಪ್ಲೈವುಡ್‌ನಿಂದ ಹೊಸ ಬಾಡಿ ಕಟ್ಟಿದರು. ಕೆಲಸ ನಡೆದದ್ದು ಗೆಳತಿ ಹೇಜಲ್ ವಿಲಿಯಮ್ಸ್ ಮನೆಯ ಹಿಂದಿನ ಗ್ಯಾರೇಜಿನಲ್ಲಿ. ಅದೇ ಮೊದಲ ಲೋಟಸ್.

ಆಮೇಲೆ ಸ್ವಲ್ಪ ದಿನ ವಾಯುಪಡೆ, ನಂತರ ಒಂದು ಅಲ್ಯೂಮಿನಿಯಂ ಕಂಪನಿಯಲ್ಲಿ ಕೆಲಸ. ಹಗಲು ನೌಕರಿ, ರಾತ್ರಿ ಕಾರು. 1952ರ ಜನವರಿ 1ರಂದು ಹೇಜಲ್ ಕೊಟ್ಟ 25 ಪೌಂಡ್ ಸಾಲದಿಂದ ಲೋಟಸ್ ಎಂಜಿನಿಯರಿಂಗ್ ಶುರುವಾಯಿತು. ವರ್ಕ್‌ಶಾಪ್ ಅಂದರೆ ಅಪ್ಪನ ಪಬ್ ಹಿಂದಿದ್ದ ಹಳೇ ಕುದುರೆ ಲಾಯ. ಹೇಜಲ್ ಮುಂದೆ ಅವರ ಹೆಂಡತಿಯಾದರು.

ದೊಡ್ಡ ಎಂಜಿನ್ ಕೊಳ್ಳೋಕೆ ದುಡ್ಡಿರಲಿಲ್ಲ. ಹಾಗಾಗಿ ವೇಗ ಬೇಕಂದ್ರೆ ತೂಕ ಇಳಿಸೋದೇ ದಾರಿ. ಹೆಚ್ಚು ಪವರ್ ಇದ್ದರೆ ನೇರ ರಸ್ತೆಯಲ್ಲಿ ಮಾತ್ರ ಲಾಭ, ತೂಕ ಕಡಿಮೆ ಇದ್ದರೆ ತಿರುವಿನಲ್ಲೂ ಬ್ರೇಕಿನಲ್ಲೂ ಲಾಭ ಅನ್ನೋದು ಅವರ ಲೆಕ್ಕ.

ತೂಕ ಇಳಿಸಿದರೆ ಬರುವ ಹೊಸ ಸಮಸ್ಯೆ

ಇಲ್ಲಿ ನಮ್ಮ ಪಾರ್ಕಿಂಗ್ ಜಗಳಕ್ಕೆ ಬರೋಣ. ಕಾರಿನ ತೂಕವನ್ನು ಎರಡು ಭಾಗ ಮಾಡಿ. ಸ್ಪ್ರಿಂಗ್ ಹೊರುವ ತೂಕ ಒಂದು: ಬಾಡಿ, ಎಂಜಿನ್, ನಾವು. ಸ್ಪ್ರಿಂಗಿನ ಕೆಳಗೆ ರಸ್ತೆಗೆ ಅಂಟಿಕೊಂಡಿರುವ ತೂಕ ಇನ್ನೊಂದು: ಚಕ್ರ, ಟಯರ್, ಬ್ರೇಕ್, ಹಬ್. ಈ ಎರಡನೆಯದಕ್ಕೆ ಅನ್‌ಸ್ಪ್ರಂಗ್ ತೂಕ ಅಂತಾರೆ.

ರಸ್ತೆಯಲ್ಲಿ ಉಬ್ಬು ಬಂದಾಗ ಚಕ್ರ ಮೇಲಕ್ಕೆ ಚಿಮ್ಮುತ್ತದೆ. ಚಕ್ರ ಹಗುರವಾಗಿದ್ದರೆ ಸ್ಪ್ರಿಂಗ್ ಅದನ್ನು ಬೇಗ ವಾಪಸ್ ಕೆಳಗೆ ಒತ್ತುತ್ತದೆ, ಬಾಡಿಗೆ ಸುದ್ದಿಯೇ ಮುಟ್ಟುವುದಿಲ್ಲ. ಭಾರವಾಗಿದ್ದರೆ ಚಿಮ್ಮಿದ ಚಕ್ರ ಬಾಡಿಯನ್ನೂ ಜೊತೆಗೆ ಎಳೆದಾಡುತ್ತದೆ, ಕೆಳಗೆ ಬರುವುದೂ ತಡ. ಅಷ್ಟು ಹೊತ್ತು ಟಯರ್ ರಸ್ತೆಯನ್ನು ಸರಿಯಾಗಿ ಒತ್ತಿರುವುದಿಲ್ಲ. ಅಂದರೆ ಗ್ರಿಪ್ ಕೂಡ ಹೋಯ್ತು. ಆರಾಮ ಮತ್ತು ಹಿಡಿತ ಎರಡೂ ಒಂದೇ ಕಡೆಯಿಂದ ಸೋರಿ ಹೋಗುತ್ತವೆ.

ವೈಬ್ರೇಷನ್ಸ್ ಕ್ಲಾಸಿನ ಫಾರ್ಮುಲಾ ಹಾಕಿ ನಾವೇ ಒಂದು ಲೆಕ್ಕ ಮಾಡಿದೆವು. ಟಯರಿನ ಸ್ಟಿಫ್‌ನೆಸ್ ಮೀಟರಿಗೆ 1,80,000 ನ್ಯೂಟನ್, ಸ್ಪ್ರಿಂಗ್‌ದು 20,000, ಚಕ್ರದ ಜೋಡಣೆ 35 ಕೆಜಿ ಅಂತ ಇಟ್ಟುಕೊಂಡರೆ ಚಕ್ರ ಸೆಕೆಂಡಿಗೆ ಸುಮಾರು 12 ಸಲ ಕುಣಿಯುತ್ತದೆ. ಅದೇ 50 ಕೆಜಿ ಆದರೆ ಸುಮಾರು 10 ಸಲ. ಕುಣಿತ ನಿಧಾನ, ಆದರೆ ಅದರ ಹಿಂದಿರುವ ತೂಕ ಜಾಸ್ತಿ. ಅದನ್ನು ಅಡಗಿಸೋಕೆ ಡ್ಯಾಂಪರ್ ಗಟ್ಟಿ ಮಾಡಬೇಕು. ಡ್ಯಾಂಪರ್ ಗಟ್ಟಿಯಾದರೆ ಚಿಕ್ಕ ಕಲ್ಲು ಕೂಡ ಸೀಟಿನ ತನಕ ಬರುತ್ತದೆ.

ಇನ್ನೂ ಮುಖ್ಯವಾದದ್ದು ಅನುಪಾತ. ಒಂದು ಮೂಲೆಯ ಚಕ್ರದ ಜೋಡಣೆ 40 ಕೆಜಿ ಅಂತ ಇಟ್ಟುಕೊಳ್ಳಿ. 1,500 ಕೆಜಿ ಕಾರಿನಲ್ಲಿ ಒಂದು ಮೂಲೆಗೆ 375 ಕೆಜಿ, ಅದರಲ್ಲಿ ಸ್ಪ್ರಿಂಗಿನ ಮೇಲೆ 335. ಚಕ್ರ ಅದರ ಸುಮಾರು ಶೇ. 12. ಈಗ ಕಾರನ್ನು 680 ಕೆಜಿಗೆ ಇಳಿಸಿ, ಚಕ್ರ ಮಾತ್ರ ಅದೇ ಇರಲಿ. ಮೂಲೆಗೆ 170, ಮೇಲೆ 130. ಚಕ್ರ ಈಗ ಶೇ. 31. ನಾಯಿ ಬಾಲ ಅಲ್ಲಾಡಿಸೋದು ಹೋಗಿ ಬಾಲವೇ ನಾಯಿಯನ್ನು ಅಲ್ಲಾಡಿಸಿದ ಹಾಗೆ.

ಚಾಪ್‌ಮನ್ ಕಥೆಯ ಗಂಟು ಇರೋದು ಇಲ್ಲೇ ಅಂತ ನಮಗನಿಸುತ್ತೆ. ಕಾರು ಹಗುರವಾದಷ್ಟೂ ಚಕ್ರದ ತೂಕ ಹೆಚ್ಚು ಕಾಡುತ್ತದೆ. ಬಾಡಿ ಹಗುರ ಮಾಡಿದವನು ಚಕ್ರ, ಬ್ರೇಕುಗಳನ್ನೂ ಹಗುರ ಮಾಡಲೇಬೇಕು. ಶುರು ಮಾಡಿದ ಮೇಲೆ ಎಲ್ಲಿ ನಿಲ್ಲಿಸೋದು ಅನ್ನೋದೇ ಪ್ರಶ್ನೆ.

ಅಲೆಅಲೆಯ ಚಕ್ರ, ಮೆತ್ತನೆ ಎಲಾನ್

ಹಗುರ ಚಕ್ರದ ಯೋಚನೆ ಹೊಸದೇನಲ್ಲ. 1924ರಲ್ಲೇ ಎಟ್ಟೋರೆ ಬುಗಾಟಿ ತಮ್ಮ ಟೈಪ್ 35 ಕಾರಿಗೆ ಎರಕದ ಅಲ್ಯೂಮಿನಿಯಂ ಚಕ್ರ ಹಾಕಿದ್ದರು. ಚಾಪ್‌ಮನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. 1957ರ ಲೋಟಸ್ 12 ರೇಸ್ ಕಾರಿನ ಚಕ್ರಗಳು ಮೆಗ್ನೀಸಿಯಂ ಮಿಶ್ರಲೋಹದವು. ಅದರಲ್ಲಿ ಕಡ್ಡಿಗಳಿಲ್ಲ, ಒಂದೇ ತೆಳು ತಟ್ಟೆ, ಸುತ್ತಲೂ ಅಲೆಅಲೆಯಾಗಿ ಏರಿಳಿಯುತ್ತದೆ. ತಗಡಿನ ಶೀಟನ್ನು ನೆನಪಿಸಿಕೊಳ್ಳಿ. ಸಪಾಟಾಗಿದ್ದರೆ ಬಾಗುತ್ತದೆ, ಅಲೆ ಕೊಟ್ಟರೆ ಅದೇ ದಪ್ಪದಲ್ಲಿ ಗಟ್ಟಿಯಾಗುತ್ತದೆ. ಸಿವಿಲ್ ಹುಡುಗನ ತಲೆ ಚಕ್ರದ ಮೇಲೆ ಕೆಲಸ ಮಾಡಿದ್ದು ಹೀಗೆ. ರೇಸ್ ಲೋಕದಲ್ಲಿ ಅದಕ್ಕೆ ವಾಬ್ಲಿ ವೆಬ್ ಅಂತ ಅಡ್ಡಹೆಸರು ಬಂತು.

1962ರಲ್ಲಿ ರಸ್ತೆಗೆ ಬಂದದ್ದು ಲೋಟಸ್ ಎಲಾನ್. ಮಧ್ಯೆ ಬೆನ್ನೆಲುಬಿನಂಥ ಉಕ್ಕಿನ ಚಾಸಿ, ಮೇಲೆ ಫೈಬರ್‌ಗ್ಲಾಸ್ ಬಾಡಿ, 1,558 ಸಿಸಿ ಎಂಜಿನ್, ತೂಕ ಸುಮಾರು 680 ಕೆಜಿ. ಚಕ್ರ ಬರೀ 13 ಇಂಚು. ಇವತ್ತು ಅಂಥ ಚಕ್ರ ಹಾಕಿದ ಸ್ಪೋರ್ಟ್ಸ್ ಕಾರು ಕ್ಯಾಂಪಸ್ಸಿಗೆ ಬಂದರೆ ನಾವೆಲ್ಲ ನಗ್ತೀವೋ ಏನೋ. ಆದರೆ ಅದರ ತರ್ಕ ನೋಡಿ. ಕಾರು ಹಗುರ, ಅದಕ್ಕೆ ಸಣ್ಣ ಟಯರ್ ಸಾಕು. ಟಯರ್ ಸಣ್ಣದು, ಅದಕ್ಕೆ ಚಕ್ರ ಹಗುರ. ಚಕ್ರ ಹಗುರ, ಅದಕ್ಕೆ ಸ್ಪ್ರಿಂಗ್ ಮೆತ್ತಗಿದ್ದರೂ ಟಯರ್ ರಸ್ತೆ ಬಿಡುವುದಿಲ್ಲ. ಸ್ಪೋರ್ಟ್ಸ್ ಕಾರು ಅಂದರೆ ಗಟ್ಟಿ ಸ್ಪ್ರಿಂಗ್, ಒದೆಯುವ ಸೀಟು ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ ಎಲಾನ್ ಮೆತ್ತಗೂ ಓಡುತ್ತಿತ್ತು, ತಿರುವಿನಲ್ಲಿ ಅಂಟಿಕೊಂಡೂ ಇರುತ್ತಿತ್ತು. 1989ರಲ್ಲಿ ಮಜ್ದಾ ಕಂಪನಿ ತನ್ನ ಎಂಎಕ್ಸ್-5 ಕಾರು ಮಾಡುವಾಗ ಎಲಾನ್ ಅನ್ನೇ ಮಾದರಿಯಾಗಿ ಇಟ್ಟುಕೊಂಡಿತ್ತು. ಅದಕ್ಕೂ ಹಾಕಿದ್ದು 14 ಇಂಚಿನ ಚಕ್ರ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ದೊಡ್ಡ ಚಕ್ರ ಅಂದರೆ ಎರಡು ಅರ್ಥ. ಟಯರ್ ಸೇರಿಸಿ ಇಡೀ ಚಕ್ರದ ವ್ಯಾಸ ದೊಡ್ಡದಾದರೆ ಗುಂಡಿಯೊಳಗೆ ಇಳಿಯೋದು ಕಡಿಮೆ, ಅದು ಒಳ್ಳೇದೇ. ಆದರೆ ನಮ್ಮ ಸೀನಿಯರ್ ಮಾಡಿದ್ದು ಅದಲ್ಲ. 175/65 ಆರ್14 ಟಯರಿನ ಒಟ್ಟು ವ್ಯಾಸ ಸುಮಾರು 583 ಮಿಮೀ. 195/45 ಆರ್16ದೂ ಸುಮಾರು 582 ಮಿಮೀ. ಹೊರಗಿನ ಅಳತೆ ಅಷ್ಟೇ ಇದೆ, ಆದರೆ ಮೊದಲನೆಯದರ ಪಕ್ಕದ ಗೋಡೆ 114 ಮಿಮೀ, ಎರಡನೆಯದರದ್ದು 88. ಒಳಗಿನ ಲೋಹ ಹೆಚ್ಚಾಯ್ತು, ಗಾಳಿ ಮತ್ತು ರಬ್ಬರ್ ಕಡಿಮೆಯಾಯ್ತು. ಗಾಳಿ ತುಂಬಿದ ಆ ಗೋಡೆಯೇ ಕಾರಿನ ಮೊದಲನೇ ಸ್ಪ್ರಿಂಗ್. ಅದನ್ನೇ ಕತ್ತರಿಸಿದ ಮೇಲೆ ಬೆನ್ನುಮೂಳೆ ದೂರು ಕೊಡದೆ ಇನ್ನೇನು ಮಾಡೀತು? ಹಾಗಂತ 14 ಇಂಚೇ ಎಲ್ಲದಕ್ಕೂ ಮೇಲು ಅಂತಲ್ಲ. ಗೋಡೆ ಗಿಡ್ಡವಾದರೆ ಟಯರ್ ಪಕ್ಕಕ್ಕೆ ಬಾಗೋದು ಕಡಿಮೆ, ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಕಾರು ತಿರುಗುತ್ತದೆ. ದೊಡ್ಡ ರಿಮ್ ಒಳಗೆ ದೊಡ್ಡ ಬ್ರೇಕೂ ಹಿಡಿಸುತ್ತದೆ.

ತೂಕ ಎಲ್ಲಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಸೀಟಿನ ಮೇಲಿನ 1 ಕೆಜಿಯನ್ನು ಕಾರು ಮುಂದಕ್ಕೆ ಮಾತ್ರ ತಳ್ಳಬೇಕು. ಚಕ್ರದ ಹೊರ ಅಂಚಿನ 1 ಕೆಜಿಯನ್ನು ಮುಂದಕ್ಕೂ ತಳ್ಳಬೇಕು, ಸುತ್ತಲೂ ತಿರುಗಿಸಬೇಕು. ವೇಗ ಏರಿಸುವಾಗ ಅದು ಹತ್ತಿರ ಹತ್ತಿರ 2 ಕೆಜಿಯ ಹಾಗೆ ಆಡುತ್ತದೆ. ಅಂದ್ರೆ ಪಾರ್ಕಿಂಗ್ ಜಗಳದಲ್ಲಿ ಎರಡೂ ಕಡೆಯವರು ಅರ್ಧರ್ಧ ಸರಿ.

ಹಗುರಕ್ಕೆ ಕೊಟ್ಟ ಬೆಲೆ

ಇಲ್ಲಿಯ ತನಕ ಓದಿದರೆ ಚಾಪ್‌ಮನ್ ನಮಗೆ ಹೀರೋ. ಆದರೆ ಕಥೆ ಇಷ್ಟೇ ಹೇಳಿ ನಿಲ್ಲಿಸಿದರೆ ಸುಳ್ಳು ಹೇಳಿದ ಹಾಗಾಗುತ್ತದೆ.

1960ರಲ್ಲಿ ಮೊನಾಕೊದಲ್ಲಿ ಸ್ಟರ್ಲಿಂಗ್ ಮಾಸ್ ಲೋಟಸ್ 18 ಓಡಿಸಿ ಗೆದ್ದರು. ಫಾರ್ಮುಲಾ ಒನ್‌ನಲ್ಲಿ ಲೋಟಸ್ ಕಾರಿಗೆ ಅದು ಮೊದಲ ಗೆಲುವು. ಕೆಲವೇ ವಾರಗಳಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಅಭ್ಯಾಸದ ವೇಳೆ ಅದೇ ಮಾಸ್ ಅವರ ಕಾರಿನ ಹಿಂದಿನ ಚಕ್ರವೇ ಕಳಚಿಹೋಯಿತು. ಅವರಿಗೆ ತೀವ್ರ ಗಾಯ. ಅದೇ ದಿನ ಇನ್ನೊಂದು ಲೋಟಸ್‌ನಲ್ಲಿ ಮೈಕ್ ಟೇಲರ್ ಅವರ ಸ್ಟಿಯರಿಂಗ್ ಕಾಲಮ್ ಮುರಿಯಿತು. ಟೇಲರ್ ಲೋಟಸ್ ಮೇಲೆ ಕೇಸ್ ಹಾಕಿ ಗೆದ್ದರು, ಆದರೆ ಅವರ ರೇಸಿಂಗ್ ಬದುಕು ಅಲ್ಲಿಗೇ ಮುಗಿಯಿತು. ಲೋಟಸ್ ಕಾರು ವೇಗ ಹೌದು, ಆದರೆ ಮುರಿಯುತ್ತೆ ಅನ್ನೋ ಮಾತು ಡ್ರೈವರ್‌ಗಳ ನಡುವೆ ಹರಡಿತು.

ಆದರೂ ಡ್ರೈವರ್‌ಗಳು ಬರುತ್ತಲೇ ಇದ್ದರು, ಯಾಕಂದ್ರೆ ಗೆಲ್ಲೋದು ಲೋಟಸ್. ಜಿಮ್ ಕ್ಲಾರ್ಕ್ ತಮ್ಮ ಎಲ್ಲ 25 ಫಾರ್ಮುಲಾ ಒನ್ ಗೆಲುವುಗಳನ್ನೂ ಲೋಟಸ್‌ನಲ್ಲೇ ಪಡೆದರು. 1963 ಮತ್ತು 1965ರಲ್ಲಿ ಚಾಂಪಿಯನ್, 1965ರಲ್ಲೇ ಅಮೆರಿಕದ ಇಂಡಿಯಾನಾಪೊಲಿಸ್ 500 ಕೂಡ. ಕಾರು ಗೆದ್ದಾಗಲೆಲ್ಲ ಚಾಪ್‌ಮನ್ ಟ್ರ್ಯಾಕ್ ಪಕ್ಕ ನಿಂತು ತಮ್ಮ ಕಪ್ಪು ಟೋಪಿಯನ್ನು ಗಾಳಿಗೆ ಎಸೆಯುತ್ತಿದ್ದರು. ಕ್ಲಾರ್ಕ್ ಅವರಿಗೆ ಬರೀ ಡ್ರೈವರ್ ಅಲ್ಲ, ಆಪ್ತ ಗೆಳೆಯ. 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಕ್ಲಾರ್ಕ್ ತೀರಿಕೊಂಡರು. ಹಿಂದಿನ ಟಯರಿನ ಗಾಳಿ ಇಳಿದದ್ದೇ ಕಾರಣ ಇರಬೇಕು ಅಂತ ನಂಬಲಾಗಿದೆ. ಚಾಪ್‌ಮನ್ ಕುಸಿದುಹೋದರು.

1969ರಲ್ಲಿ ಬಾರ್ಸಿಲೋನಾದಲ್ಲಿ ಎರಡು ಲೋಟಸ್‌ಗಳ ಎತ್ತರದ ರೆಕ್ಕೆಗಳು ಮುರಿದು ಯೋಖೆನ್ ರಿಂಟ್ ಗಾಯಗೊಂಡರು. ಅದಾದ ಮೇಲೆ ರಿಂಟ್ ಚಾಪ್‌ಮನ್‌ಗೆ ಒಂದು ಪತ್ರ ಬರೆದರು. ಕಾರು ಹೇಗೂ ವೇಗವಾಗಿದೆ, ದುರ್ಬಲ ಭಾಗಗಳಿಗೆ ಸ್ವಲ್ಪ ತೂಕ ಸೇರಿಸಿ ಗಟ್ಟಿ ಮಾಡಿದರೂ ಗೆಲ್ಲಬಹುದು, ತನಗೆ ಕಾರಿನ ಮೇಲೆ ನಂಬಿಕೆ ಬೇಕು ಅನ್ನೋದು ಅದರ ಸಾರ. ಒಬ್ಬ ಡ್ರೈವರ್ ಎಂಜಿನಿಯರ್‌ನ ಹತ್ತಿರ ಕೇಳಿದ್ದು ಕೆಲವೇ ಕೆಜಿ ಲೋಹ.

1970ರಲ್ಲಿ ಲೋಟಸ್ 72 ಬಂತು. ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ ಕಾರು ಇನ್ನೊಂದಿಲ್ಲ. ಅನ್‌ಸ್ಪ್ರಂಗ್ ತೂಕ ಇಳಿಸೋಕೆ ಮುಂದಿನ ಬ್ರೇಕ್ ಡಿಸ್ಕ್‌ಗಳನ್ನು ಚಕ್ರದಿಂದ ತೆಗೆದು ಕಾರಿನ ಬಾಡಿಯೊಳಗೇ ಕೂರಿಸಿದರು. ಚಕ್ರ ಹಗುರವಾಯ್ತು, ಟಯರ್ ರಸ್ತೆಗೆ ಇನ್ನೂ ಚೆನ್ನಾಗಿ ಅಂಟಿತು. ಆದರೆ ಬ್ರೇಕ್ ಬಾಡಿಯಲ್ಲಿದೆ, ನಿಲ್ಲಬೇಕಾದದ್ದು ಚಕ್ರ. ಎರಡರ ನಡುವೆ ಒಂದು ಶಾಫ್ಟ್ ಬೇಕು. ಬ್ರೇಕ್ ಒತ್ತಿದಾಗಲೆಲ್ಲ ಆ ಚಕ್ರವನ್ನು ನಿಲ್ಲಿಸುವ ಅಷ್ಟೂ ತಿರುಚು ಬಲ ಹೋಗೋದು ಆ ಶಾಫ್ಟ್ ಮೂಲಕ. ಅದೂ ಹಗುರ ಇರಲಿ ಅಂತ ಟೊಳ್ಳಾಗಿತ್ತು.

1970ರ ಸೆಪ್ಟೆಂಬರ್ 5, ಇಟಲಿಯ ಮೊಂಜಾ. ಅಭ್ಯಾಸದ ವೇಳೆ ಕೊನೇ ತಿರುವಿಗೆ ಬ್ರೇಕ್ ಹಾಕಿದಾಗ ರಿಂಟ್ ಅವರ ಕಾರು ಎಡಕ್ಕೆ ಎಳೆದು ತಡೆಬೇಲಿಗೆ ಗುದ್ದಿತು. ರಿಂಟ್ ಬದುಕಲಿಲ್ಲ. ಮುಂದಿನ ಬಲಗಡೆಯ ಬ್ರೇಕ್ ಶಾಫ್ಟ್ ಮುರಿದದ್ದರಿಂದ ಅಪಘಾತ ಶುರುವಾಯಿತು, ಸಾವಿಗೆ ಕಾರಣ ಸರಿಯಾಗಿ ಕೂರಿಸದ ಬೇಲಿ ಅಂತ ಇಟಲಿಯ ಕೋರ್ಟ್ ತೀರ್ಮಾನಿಸಿತು. ಚಾಪ್‌ಮನ್ ಮೇಲಿನ ಆರೋಪ ವರ್ಷಗಳ ನಂತರ ಬಿದ್ದುಹೋಯಿತು. ಆ ವರ್ಷದ ಉಳಿದ ರೇಸ್‌ಗಳಲ್ಲಿ ರಿಂಟ್ ಅವರ ಅಂಕ ಯಾರಿಗೂ ದಾಟಲಾಗಲಿಲ್ಲ. ತೀರಿಹೋದ ಮೇಲೆ ವಿಶ್ವ ಚಾಂಪಿಯನ್ ಆದವರು ಫಾರ್ಮುಲಾ ಒನ್ ಇತಿಹಾಸದಲ್ಲಿ ಅವರೊಬ್ಬರೇ.

ಅದೇ ಲೋಟಸ್ 72 ಆಮೇಲೆ ಗಟ್ಟಿ ಶಾಫ್ಟ್ ಹಾಕಿಸಿಕೊಂಡು 1975ರ ತನಕ ಓಡಿತು. 1972 ಮತ್ತು 1973ರಲ್ಲೂ ಕನ್‌ಸ್ಟ್ರಕ್ಟರ್ಸ್ ಪ್ರಶಸ್ತಿ ತಂದಿತು. ಅಂದರೆ ಯೋಚನೆ ತಪ್ಪಾಗಿರಲಿಲ್ಲ. ಬ್ರೇಕ್ ಒಳಗಿಡೋದು ಸರಿಯೇ ಇತ್ತು. ರಿಂಟ್ ಕೇಳಿದ್ದ ಆ ಸ್ವಲ್ಪ ತೂಕ ಸೇರಿಸಿದ ಮೇಲೂ ಕಾರು ಗೆದ್ದಿತು. ಇದನ್ನು ಓದಿದ ದಿನ ನಾವು ಯಾರೂ ಜಾಸ್ತಿ ಮಾತಾಡಲಿಲ್ಲ.

ಕೊನೆ

1978ರಲ್ಲಿ ಮಾರಿಯೊ ಆಂಡ್ರೆಟ್ಟಿ ಲೋಟಸ್ 79ರಲ್ಲಿ ಚಾಂಪಿಯನ್ ಆದರು. ಚಾಪ್‌ಮನ್ ಬದುಕಿದ್ದಾಗ ಅದೇ ಕೊನೇ ಪ್ರಶಸ್ತಿ. ಆಮೇಲೆ ಡಿಲೋರಿಯನ್ ಕಾರಿನ ಕೆಲಸ ಒಪ್ಪಿಕೊಂಡು ದುಡ್ಡಿನ ಹಗರಣದಲ್ಲಿ ಸಿಕ್ಕಿಕೊಂಡರು. ವಿಚಾರಣೆ ಅವರ ತನಕ ಬರುವ ಮೊದಲೇ, 1982ರ ಡಿಸೆಂಬರ್ 16ರಂದು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 54. ಬದುಕಿದ್ದರೆ ಅವರಿಗೂ ಹತ್ತು ವರ್ಷ ಜೈಲು ಆಗುತ್ತಿತ್ತು ಅಂತ ಆಮೇಲೆ ಆ ಕೇಸಿನ ನ್ಯಾಯಾಧೀಶರು ಅಭಿಪ್ರಾಯಪಟ್ಟರು. ತೂಕದ ಲೆಕ್ಕದಲ್ಲಿ ಮಾತ್ರವಲ್ಲ, ಹಣದ ಲೆಕ್ಕದಲ್ಲೂ ಅವರು ಅಂಚಿನ ಮೇಲೇ ನಡೆದವರು.

ಅವರು ತೀರಿಕೊಂಡ ದಿನವೇ ಲೋಟಸ್ ತಂಡ ಆ್ಯಕ್ಟಿವ್ ಸಸ್ಪೆನ್ಷನ್ ಇರುವ ಫಾರ್ಮುಲಾ ಒನ್ ಕಾರನ್ನು ಮೊದಲ ಸಲ ಓಡಿಸಿ ನೋಡಿತು. ರಸ್ತೆಯ ಉಬ್ಬಿಗೆ ತಕ್ಕಂತೆ ಕಂಪ್ಯೂಟರ್ ಮತ್ತು ಹೈಡ್ರಾಲಿಕ್ಸ್ ಸೇರಿ ಚಕ್ರವನ್ನು ಏರಿಸಿ ಇಳಿಸುವ ವ್ಯವಸ್ಥೆ ಅದು. ಟಯರ್ ರಸ್ತೆ ಬಿಡಬಾರದು, ಬಾಡಿ ಅಲ್ಲಾಡಬಾರದು ಅಂತ ಆಸ್ಟಿನ್ ಸೆವೆನ್‌ನಿಂದ ಹಿಡಿದು 35 ವರ್ಷ ಒದ್ದಾಡಿದ ಸಮಸ್ಯೆಗೆ ಹೊಸ ಉತ್ತರ.

ಅತಿಯಾದರೆ ಅಮೃತವೂ ವಿಷ ಅಂತ ಮನೆಯಲ್ಲಿ ಅಜ್ಜಿ ಹೇಳೋದು ಊಟದ ವಿಷಯಕ್ಕೆ. ಡಿಸೈನ್ ಕ್ಲಾಸಿನಲ್ಲಿ ಅದಕ್ಕೆ ಫ್ಯಾಕ್ಟರ್ ಆಫ್ ಸೇಫ್ಟಿ ಅಂತ ಹೆಸರು. ಪರೀಕ್ಷೆಯಲ್ಲಿ ಪ್ರಶ್ನೆಯಲ್ಲೇ 2 ಅಂತಲೋ 3 ಅಂತಲೋ ಕೊಟ್ಟಿರುತ್ತಾರೆ, ನಾವು ಯೋಚನೆ ಮಾಡದೆ ಗುಣಿಸಿ ಉತ್ತರ ಬರೆದು ಬರ್ತೀವಿ. ಇನ್ನು ಮೇಲೆ ಆ ಅಂಕಿ ಬರೆಯುವಾಗ ನಮಗೆ ಟೊಳ್ಳು ಶಾಫ್ಟ್ ಒಂದು ನೆನಪಾಗುತ್ತದೆ, ಜೊತೆಗೆ ಒಂದು ಪತ್ರ.

ಅಂದಹಾಗೆ ಸೀನಿಯರ್ ಇನ್ನೂ 16 ಇಂಚಿನ ಅಲಾಯ್ ತೆಗೆಸಿಲ್ಲ. ನಾವು ಲೆಕ್ಕ ತೋರಿಸಿದೆವು, ಅವರು ಫೋಟೋ ತೋರಿಸಿದರು. ಹಂಪ್ ಬಂದಾಗ ಈಗ ನಾವೇ ಇಳಿದು ನಡೀತೀವಿ.